ಕಮಲಾಪುರದ ಮಾಸ್ತರಿಕೆ

ನಾನು ಪುಸ್ತಕವನ್ನು ಹಿಂದಿನಿಂದ ತೆರೆಯುತ್ತೇನೆ. ಪಂಚಾಂಗವಿರಲಿ, ಮದುವೆಯ ಆಮಂತ್ರಣವಿರಲಿ, ಕೈ ತಾನಾಗಿ ಕೊನೆಯ ಹಾಳೆಗೆ ಹೋಗುತ್ತದೆ. ಮೊನ್ನೆ ಸೇಡಂ ರಸ್ತೆಯ ದವಾಖಾನೆಯಲ್ಲಿ ಮೊಣಕಾಲು ತೋರಿಸಲು ಹೋಗಿ ಪಾಳಿಗಾಗಿ ಕಾಯುತ್ತ ಕೂತಿದ್ದೆ. ಅಲ್ಲಿ ಬಿದ್ದಿದ್ದ ಒಂದು ವಾರಪತ್ರಿಕೆಯನ್ನು ಹಿಂದಿನಿಂದ ಮಗುಚುತ್ತಿದ್ದಾಗ ಜೊತೆಗೆ ಬಂದಿದ್ದ ಮೊಮ್ಮಗಳು, “ಅಜ್ಜಾ, ಉಲ್ಟಾ ಓದಾಕತ್ತೀದಿ ನೋಡು” ಎಂದಳು. ಅಷ್ಟಕ್ಕೆ ಸುಮ್ಮನಾಗದೆ ಡಾಕ್ಟರರಿಗೂ ಹೇಳಿದಳು. ಅವರು ಮೊಣಕಾಲು ಬಿಟ್ಟು ನನ್ನ ಕಣ್ಣಿನೊಳಗೆ ಬ್ಯಾಟರಿ ಬಿಟ್ಟು ನೋಡಿದರು. ಹೀಗೆ ಕಾಲುನೋವಿಗೆ ಹೋದವನು ಕಣ್ಣಿಗೆ ಹಾಕುವ ಹನಿ ಹಿಡಿದುಕೊಂಡು ಮನೆಗೆ ಬಂದೆ.

ಇದು ಕಣ್ಣಿನ ರೋಗವಲ್ಲ, ನಾನು ಕಲಿತ ಶಾಲೆಯ ಗುಣ ಎಂದು ಆ ಡಾಕ್ಟರರಿಗೆ ಹೇಗೆ ಹೇಳಲಿ? ನಿಜಾಮರ ಕಾಲದಲ್ಲಿ ಓದಿದವನು ನಾನು. ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ಮಾತು ಮರಾಠಿ, ಓಣಿಗಿಳಿದರೆ ಕನ್ನಡ, ದೇವರ ಮುಂದೆ ಸಂಸ್ಕೃತ, ಶಾಲೆಯಲ್ಲಿ ಬಲದಿಂದ ಎಡಕ್ಕೆ ಓದುವ ಉರ್ದು. ಅವ್ವ ಬೈದದ್ದು ಮರಾಠಿಯಲ್ಲಿ, ನಾನು ಗೆಳೆಯರ ಕೂಡ ಜಗಳವಾಡಿದ್ದು ಕನ್ನಡದಲ್ಲಿ, ಲೆಕ್ಕ ಕಲಿತದ್ದು ಉರ್ದುವಿನಲ್ಲಿ. ಈಗಲೂ ತರಕಾರಿಯವಳ ಮುಂದೆ ಮನಸ್ಸಿನಲ್ಲೇ ಲೆಕ್ಕ ಕೂಡಿಸುವಾಗ ತುಟಿ ಉರ್ದುವಿನಲ್ಲಿ ಅಲ್ಲಾಡುತ್ತದೆ. ನಿನ್ನ ಭಾಷೆ ಯಾವುದು ಎಂದು ಯಾರಾದರೂ ಕೇಳಿದರೆ, ಯಾವ ಹೊತ್ತಿನಲ್ಲಿ ಎಂದು ನಾನು ತಿರುಗಿ ಕೇಳಬೇಕಾಗುತ್ತದೆ.

ಇಂಥವನನ್ನು ಸರ್ಕಾರ ಕಮಲಾಪುರದ ಪ್ರಾಥಮಿಕ ಶಾಲೆಗೆ ಮಾಸ್ತರನನ್ನಾಗಿ ಕಳಿಸಿತು. ಮೀಸೆ ಆಗಷ್ಟೇ ಮೂಡುತ್ತಿತ್ತು. ಮುಂದೆ ಮೂರು ತಿಂಗಳಿಗೆ ಹೈದರಾಬಾದ್ ಸಂಸ್ಥಾನವೇ ಇರುವುದಿಲ್ಲ ಎಂದು ಆಗ ಗೊತ್ತಿದ್ದವರು ಯಾರೂ ಇರಲಿಲ್ಲ. ನನಗಂತೂ ನನ್ನ ಟ್ರಂಕಿನ ಕೀಲಿ ಎಲ್ಲಿದೆ ಎಂಬುದೂ ಗೊತ್ತಿರಲಿಲ್ಲ. ಕಲಬುರಗಿಯಿಂದ ಹೊರಟ ಇದ್ದಿಲಿನ ಬಸ್ಸು ಏರು ಬಂದಲ್ಲೆಲ್ಲ ನಮ್ಮನ್ನು ಕೆಳಗಿಳಿಸಿ, ಖಾಲಿಯಾಗಿ ಹತ್ತಿ, ಮೇಲೆ ನಿಂತು ಕಾಯುತ್ತಿತ್ತು. ಅಂತೂ ಕಮಲಾಪುರ ಮುಟ್ಟಿದಾಗ ನನ್ನ ಧೋತರಕ್ಕೂ ಮುಖಕ್ಕೂ ಒಂದೇ ಬಣ್ಣ ಬಂದಿತ್ತು.

ಉಳಿಯಲು ಶರಣಪ್ಪ ಗೌಡರ ವಾಡೆಯಲ್ಲಿ ಒಂದು ಖೋಲಿ ಸಿಕ್ಕಿತು. ಗೌಡರು ಮಾತು ಕಡಿಮೆ, ಊಟ ಧಾರಾಳ ಎನ್ನುವಂಥ ಮನುಷ್ಯ. ಕೈಯಾರೆ ಅಡಿಗೆ ಮಾಡಿಕೊಳ್ಳಬೇಕೆಂದು ಅವ್ವ ಆಣೆ ಹಾಕಿಸಿಕೊಂಡು ಕಳಿಸಿದ್ದಳು. ನಾನು ಬೇಯಿಸಿದ ಅನ್ನ ನೋಡಿ ಗೌಡರ ಮನೆಯ ಹೆಂಗಸರು ಎರಡನೆಯ ದಿನದಿಂದಲೇ ಬಾಗಿಲ ಹೊರಗೆ ರೊಟ್ಟಿ ಪಲ್ಯ ಇಟ್ಟು ಹೋಗತೊಡಗಿದರು. ಯಾರು ಇಟ್ಟರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಣೆಯ ಮಾನ ಉಳಿಯಿತು.

ಶಾಲೆಯೆಂದರೆ ಒಂದರ ಹಿಂದೊಂದು ಎರಡು ಖೋಲಿ. ಮುಂದಿನ ಖೋಲಿಯಲ್ಲಿ ಸಣ್ಣ ಮಕ್ಕಳೊಂದಿಗೆ ನಾನು. ಹಿಂದಿನದರಲ್ಲಿ ದೊಡ್ಡ ಮಕ್ಕಳೊಂದಿಗೆ ಸದರ್ ಮುದರ್ರಿಸ್, ಎಂದರೆ ಹೆಡ್ಮಾಸ್ತರ, ಗಫೂರ್ ಸಾಹೇಬರು. ಆ ಖೋಲಿಯ ಬೆನ್ನಿಗೆ ಒಂದು ಗೋಡೆ, ಗೋಡೆಯಾಚೆ ಬಾಳೆಯ ತೋಟ.

ಮೊದಲ ದಿನ ಹಾಜರಿ ಕರೆದೆ. ಉರ್ದು ಬರವಣಿಗೆಯ ಕಥೆ ನಿಮಗೆ ಗೊತ್ತಿರಬಹುದು. ಅದರಲ್ಲಿ ಸಣ್ಣ ಸ್ವರಗಳನ್ನು ಬರೆಯುವುದಿಲ್ಲ, ಓದುವವನೇ ಊಹಿಸಿಕೊಳ್ಳಬೇಕು. ನಾನು ಊಹಿಸಿದೆ. ಶಿವಲಿಂಗನನ್ನು ಶೂಲಂಗ ಎಂದೆ, ಮಲಕಪ್ಪನನ್ನು ಮುಲ್ಕಪ್ಪ ಎಂದೆ, ಲಚಮವ್ವ ಎಂಬ ಹುಡುಗಿಯನ್ನು ಏನೆಂದು ಕರೆದೆನೋ ಹೇಳಲು ಈಗಲೂ ನಾಚಿಕೆ. ಯಾರೂ ಹಾಜರ್ ಎನ್ನಲಿಲ್ಲ. ತುಂಬಿದ ಖೋಲಿಯ ಮುಂದೆ ನಿಂತು ಎಲ್ಲರಿಗೂ ಗೈರುಹಾಜರಿ ಹಾಕಿದೆ. ಹಿಂದಿನ ಖೋಲಿಯಿಂದ ಕೇಳಿಸಿಕೊಳ್ಳುತ್ತಿದ್ದ ಗಫೂರ್ ಸಾಹೇಬರು ಬಾಗಿಲಿಗೆ ಬಂದು ನಿಂತರು. ಕಪ್ಪು ಶೇರವಾನಿ, ಬಿಳಿ ಗಡ್ಡ, ಗಂಭೀರ ಮುಖ. ಬೈಗುಳ ಉರ್ದುವಿನಲ್ಲಿ ಬರುತ್ತದೆಂದು ನಾನು ಸಜ್ಜಾದೆ. ಆದರೆ ಅವರು ಕಮಲಾಪುರದ ಅಚ್ಚ ಕನ್ನಡದಲ್ಲಿ, “ಮಾಸ್ತರ್ರ, ಹೆಸರು ಓದಬ್ಯಾಡ್ರಿ. ಮಾರಿ ನೋಡಿ ಕರೀರಿ” ಎಂದು ಹೇಳಿ ಒಳಗೆ ಹೋದರು.

ಹಾಗೆ ಮುಖ ನೋಡಿ ಕರೆಯಲು ನನಗೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಪೇಚು. ಗೋಡೆಯ ಚಿತ್ರಪಟದಲ್ಲಿ ಕೇಲಾ ಎಂದು ಬರೆದು ಕೆಳಗೆ ಹಳದಿ ಬಾಳೆಹಣ್ಣು ಬಿಡಿಸಿದ್ದರು. ಮಕ್ಕಳು ಅದನ್ನು ಒಪ್ಪಲಿಲ್ಲ. ಕಮಲಾಪುರದ ಬಾಳೆಹಣ್ಣು ಕೆಂಪು. ಹಳದಿ ಇದ್ದದ್ದು ಬಾಳೆಹಣ್ಣು ಹೇಗಾದೀತು ಎಂದು ಅವರ ವಾದ. ಬೇರೆ ಊರಿನಲ್ಲಿ ಹಳದಿಯೂ ಇರುತ್ತದೆ, ಎರಡೂ ಖರೆ ಎಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಹೊಸ ಮಾಸ್ತರನಿಗೆ ಏನೂ ಗೊತ್ತಿಲ್ಲ ಎಂಬುದು ಅಂದೇ ಊರಿಗೆಲ್ಲ ತಿಳಿದುಹೋಯಿತು.

ಗಫೂರ್ ಸಾಹೇಬರು ಮಕ್ಕಳನ್ನು ಎತ್ತರದ ಪ್ರಕಾರ ಕೂಡ್ರಿಸುತ್ತಿದ್ದರು. ಗಿಡ್ಡರು ಮುಂದೆ, ಉದ್ದದವರು ಹಿಂದೆ. ಆದ್ದರಿಂದ ಗೌಡರ ಮಗನ ಮಗ್ಗುಲಲ್ಲಿ ಕೂಲಿ ಮಾಡುವ ಭೀಮವ್ವನ ಮಗಳು ಕೂಡುತ್ತಿದ್ದಳು. ಊರಿನಲ್ಲಿ ಒಬ್ಬರ ಮನೆಯ ಹೊಸ್ತಿಲು ಇನ್ನೊಬ್ಬರು ತುಳಿಯುತ್ತಿರಲಿಲ್ಲ. ಕೆಲವರು ಬಂದು ತಕರಾರು ಮಾಡಿದಾಗ ಸಾಹೇಬರು, ಬೋರ್ಡು ಕಾಣಬೇಕಲ್ಲ, ಅದಕ್ಕೆ ಎಂದು ಮುಗಿಸಿದ್ದರಂತೆ. ಅದು ಬರೀ ಬೋರ್ಡಿನ ಮಾತೋ, ಅದರೊಳಗೆ ಬೇರೆ ಮಾತಿತ್ತೋ, ಅವರ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಅವರ ಮುಖ ನೋಡಿ ತಿಳಿಯದ ಸಂಗತಿಗಳು ಆ ಮಳೆಗಾಲದಲ್ಲಿ ಹೆಚ್ಚಿದವು. ನಿಜಾಮರ ಪರ ಖಾಕಿ ತೊಟ್ಟು ಊರೂರು ಸುಡುತ್ತಿದ್ದ ರಜಾಕಾರರ ಸುದ್ದಿ ದಿನಕ್ಕೊಂದು ಬರುತ್ತಿತ್ತು. ಗೌಡರ ತಂಗಿಯ ಊರಿನಲ್ಲಿ ಬಣವೆಗಳು ಸುಟ್ಟುಹೋಗಿ, ಆಕೆ ಮಕ್ಕಳನ್ನು ಕರೆದುಕೊಂಡು ಅಣ್ಣನ ವಾಡೆಗೆ ಬಂದು ಸೇರಿದ್ದಳು. ಅಂಥ ದಿನಗಳಲ್ಲಿ ಒಂದು ಶುಕ್ರವಾರ ಊರ ಹೊರಗಿನ ಬಯಲಿನಲ್ಲಿ ಆ ಖಾಕಿಯವರ ಕವಾಯತು ನಡೆಯಿತು. ನಾನು ಗೌಡರ ಜೊತೆ ಹೊಲದ ಕಡೆಯಿಂದ ಬರುತ್ತಿದ್ದೆ. ಸಾಲಿನ ಕೊನೆಗೆ ಗಫೂರ್ ಸಾಹೇಬರು ನಿಂತಿದ್ದರು. ಮೈಮೇಲೆ ಅದೇ ಶೇರವಾನಿ. ಬೋರ್ಡಿನ ಮೇಲೆ ತೋರಿಸುವ ಬೆತ್ತವನ್ನು ಬಂದೂಕಿನಂತೆ ಹೆಗಲಿಗಿಟ್ಟಿದ್ದರು. ನನಗೆ ನಗು ಬಂತು. ಗೌಡರ ಕಡೆ ನೋಡಿದೆ. ಅವರು ನಗುತ್ತಿರಲಿಲ್ಲ.

ಮರುದಿನ ಶಾಲೆಯಲ್ಲಿ ಸಾಹೇಬರು ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅದೇ ಬೆತ್ತ ಬೋರ್ಡಿನ ಪಕ್ಕದ ಮೊಳೆಗೆ ಮರಳಿ ಬಂದಿತ್ತು.

ಕೆಲವು ದಿನ ಬಿಟ್ಟು ಒಂದು ಮಧ್ಯಾಹ್ನ ರಜಾಕಾರರ ಲಾರಿ ರಸ್ತೆಯ ತಿರುವಿನಲ್ಲಿ ಕಂಡಿತು. ಗಫೂರ್ ಸಾಹೇಬರು ನನ್ನ ಖೋಲಿಗೆ ಬಂದು, “ಮಗ್ಗಿ ಹೇಳಸ್ರಿ, ಜೋರಾಗಿ. ನಾ ಬಂದು ಹೇಳೂತನ ನಿಲ್ಲಸಬ್ಯಾಡ್ರಿ” ಎಂದರು. ಯಾಕೆಂದು ಕೇಳುವ ಮೊದಲೇ ಹೋದರು. ನಾನು ಶುರು ಮಾಡಿದೆ. ಮಕ್ಕಳು ಗಂಟಲು ಹರಿಯುವಂತೆ ಕೂಗಿದರು. ಲಾರಿ ಬಂದು ಅಂಗಳದಲ್ಲಿ ನಿಂತಿತು. ಸ್ವಲ್ಪ ಹೊತ್ತಿಗೆ ಸಾಹೇಬರು ನಮ್ಮ ಖೋಲಿ ಹಾಯ್ದು ಹೊರಗೆ ಹೋದರು. ಆ ಜನರಿಗೆ ಚಹಾ ತರಿಸಿದರು, ಎದೆಯ ಮೇಲೆ ಕೈಯಿಟ್ಟು ಬಗ್ಗಿ ಆದಾಬ್ ಮಾಡಿದರು, ಏನೋ ಹೇಳಿ ಅವರನ್ನು ನಗಿಸಿದರು. ಒಬ್ಬ ಇವರ ಬೆನ್ನು ತಟ್ಟಿದ. ಕಿಟಕಿಯೊಳಗಿಂದ ನಾನು ಕಂಡದ್ದು ಇಷ್ಟು. ಲಾರಿ ಹೋದ ಮೇಲೂ ನಮ್ಮ ಮಗ್ಗಿ ನಡೆದೇ ಇತ್ತು, ಏಕೆಂದರೆ ಸಾಹೇಬರು ನಿಲ್ಲಿಸಿರೆಂದು ಹೇಳುವುದನ್ನು ಮರೆತು ಅಂಗಳದಲ್ಲೇ ಕೂತುಬಿಟ್ಟಿದ್ದರು.

ಮರುದಿನ ದೊಡ್ಡ ಮಕ್ಕಳು ಯಾರೂ ಬರಲಿಲ್ಲ. ವಾರದೊಳಗೆ ಶಾಲೆ ಮುಚ್ಚಿತು. ನಾನು ಬ್ರಹ್ಮಪುರಕ್ಕೆ ಬಂದರೆ ಅವ್ವ, ತಂಗಿ ಸೊಲ್ಲಾಪುರದ ಮಾವನ ಮನೆಗೆ ಹೋಗಿದ್ದರು. ಪೂಜೆ ಬಿಟ್ಟು ಬರಲಾರೆನೆಂದು ಅಪ್ಪ ಒಬ್ಬರೇ ಉಳಿದಿದ್ದರು. ಮುಂದೆ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಭಾರತದ ಫೌಜು ಬಂತು, ಪೊಲೀಸ್ ಕಾರ್ಯಾಚರಣೆ ಮುಗಿಯಿತು. ನಿನ್ನೆಯವರೆಗೆ ನಡುಗುತ್ತಿದ್ದವರು ಹೊರಗೆ ಬಂದರು, ನಿನ್ನೆಯವರೆಗೆ ಹೊರಗಿದ್ದವರಲ್ಲಿ ಎಷ್ಟೋ ಜನ ಬಾಗಿಲು ಹಾಕಿಕೊಂಡರು. ಆ ಬಾಗಿಲುಗಳ ಹಿಂದೆ ತಪ್ಪು ಮಾಡಿದವರೂ ಇದ್ದರು, ಏನೂ ಮಾಡದವರೂ ಇದ್ದರು. ಹೊರಗಿನವರಿಗೆ ಅದನ್ನು ಆರಿಸಿ ನೋಡುವ ವ್ಯವಧಾನ ಇರಲಿಲ್ಲ.

ದಸರೆಯ ನಂತರ ಶಾಲೆ ತೆರೆಯಿತು. ನಾನು ಹೋದೆ, ಗಫೂರ್ ಸಾಹೇಬರು ಬರಲಿಲ್ಲ. ಓಡಿಹೋದರೆಂದು ಕೆಲವರು, ಕರಾಚಿಗೆ ಹೋದರೆಂದು ಕೆಲವರು, ಸತ್ತರೆಂದು ಕೆಲವರು ಹೇಳಿದರು. ಇದ್ದವನು ನಾನೊಬ್ಬನೇ ಆದ್ದರಿಂದ ಹೆಡ್ಮಾಸ್ತರಿಕೆ ನನ್ನ ತಲೆಗೆ ಬಂತು. ಅದರ ಬೆನ್ನಿಗೇ ಹುಕುಂ ಬಂತು: ಇನ್ನು ಮುಂದೆ ಪಾಠ ಕನ್ನಡದಲ್ಲಿ.

ಊರವರು ಪೇಢೆ ಹಂಚಿದರು. ನಾನೂ ತಿಂದೆ. ಕನ್ನಡ ಮಾತಾಡಲು ನನಗೇನು ಧಾಡಿ? ಆದರೆ ಬರೆಯುವುದು? ಅಪ್ಪ ಮನೆಯಲ್ಲಿ ಕಲಿಸಿದ ಅಷ್ಟಿಷ್ಟು ಅಕ್ಷರ ನನ್ನ ಬಂಡವಾಳ. ಒತ್ತಕ್ಷರ ಬಂದರೆ ಕೈ ನಿಲ್ಲುತ್ತಿತ್ತು. ಸೊಲ್ಲಾಪುರದಿಂದ ಬಂದ ಹೊಸ ಕನ್ನಡ ಪುಸ್ತಕವನ್ನು ರೂಢಿಯಂತೆ ಹಿಂದಿನಿಂದ ತೆರೆದು, ಮೊದಲ ಪಾಠವೆಂದು ಕೊನೆಯ ಪಾಠವನ್ನು ಶುರು ಮಾಡಿದೆ. ಮಕ್ಕಳು ಒದ್ದಾಡಿದರು. ನಾನೂ ಒದ್ದಾಡಿದೆ. ಕನ್ನಡ ಇಷ್ಟು ಕಠಿಣವೇ ಎಂದು ಒಂದು ವಾರ ಚಿಂತೆ ಮಾಡಿದ ಮೇಲೆ ಗೌಡರ ಮಗ, “ಸರ, ಈ ಕಡಿಂದ ನೋಡ್ರಿ, ಅ ಆ ಇಲ್ಲಿ ಅದ” ಎಂದು ತೋರಿಸಿದ.

ಕೆಲವು ಹಿರಿಯರು ಬಂದು ಈಗಲಾದರೂ ಮಕ್ಕಳನ್ನು ಅವರವರ ಜಾಗದಲ್ಲಿ ಕೂಡ್ರಿಸಿರಿ ಎಂದರು. ಸ್ವರಾಜ್ಯ ಬಂದಿದೆಯಲ್ಲ, ಮತ್ತೆ ಹಳೆಯದಕ್ಕೆ ಹೋಗುವುದೇ ಎಂದು ನನಗೆ ಗೊಂದಲ. ಯಾವುದು ಹೊಸದು, ಯಾವುದು ಹಳೆಯದು ತಿಳಿಯದೆ, ಹೂಂ ಎಂದು ಅವರನ್ನು ಕಳಿಸಿ ಮಕ್ಕಳನ್ನು ಇದ್ದಂತೆಯೇ ಬಿಟ್ಟೆ.

ದೀಪಾವಳಿಗೆ ಕಲಬುರಗಿಗೆ ಹೋದಾಗ ಅಲ್ಲಿನ ಗಾಜಿಪುರ ಓಣಿಗೆ ಹೋದೆ. ಅಲ್ಲಿ ಗಫೂರ್ ಸಾಹೇಬರ ಅಕ್ಕನ ಮನೆ ಇತ್ತು. ಮಳೆಗಾಲದ ಮೊದಲಿಗೆ ಒಮ್ಮೆ ಅವರು ನನ್ನ ಕೈಯಲ್ಲಿ ಆಕೆಗೆ ಬಾಳೆಗೊನೆ ಕಳಿಸಿದ್ದರು. ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ತೆರೆದಾಗ ಒಳಗಿನ ಕತ್ತಲೆಯಲ್ಲಿ ಸಾಹೇಬರು ಕೂತಿದ್ದರು. ಗಡ್ಡ ಬೆಳೆದಿತ್ತು, ಶೇರವಾನಿ ಇರಲಿಲ್ಲ. ನಾನು ಯಾಕೆ ಬಂದೆನೆಂದು ಕೇಳಲಿಲ್ಲ, ಮಕ್ಕಳು ಬರುತ್ತಾರೆಯೇ ಎಂದು ಕೇಳಿದರು. ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸಿದರು. ನನ್ನ ಒತ್ತಕ್ಷರದ ಗೋಳು ಹೇಳಿದೆ. ಅವರು ಎಳೆಯತನದಲ್ಲಿ ಊರ ಐನೋರ ಮಠದಲ್ಲಿ ಉಸುಕಿನ ಮೇಲೆ ಕನ್ನಡ ತಿದ್ದಿದವರು. ನೆಲದ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಹೊರಗೆ ಹೆಜ್ಜೆಯ ಸಪ್ಪಳವಾದಾಗಲೆಲ್ಲ ಅವರ ಬೆರಳು ನಿಲ್ಲುತ್ತಿತ್ತು.

ಏಳುವ ಮೊದಲು ಧೈರ್ಯ ಮಾಡಿ ಕೇಳಿದೆ. “ಸಾಹೇಬ್ರ, ನೀವು ಅವರ ಜೋಡಿ ಇದ್ರೇನ್ರಿ?”

“ನಿಂತಿದ್ದೆ. ನಿಂದರಲಿಲ್ಲ ಅಂದ್ರ ಸಾಲಿ ಕೀಲಿ ಕಸಗೋತಿದ್ರು, ಮತ್ತ ಯಾರನ್ನೋ ತಂದು ಕೂಡ್ರಸ್ತಿದ್ರು. ಹೆದರಿಕೀನೂ ಇತ್ತು. ನಿಂತದ್ದಕ್ಕೂ ಇದ್ದದ್ದಕ್ಕೂ ಎಷ್ಟು ಫರಕ್ ಅದ, ಅದು ನನಗೂ ತಿಳಿವಲ್ದು ಮಾಸ್ತರ್ರ.”

ಅವರು ಇಲ್ಲ ಎಂದಿದ್ದರೆ ನಂಬುತ್ತಿದ್ದೆ. ಹೌದು ಎಂದಿದ್ದರೆ ಎದ್ದು ಬರುತ್ತಿದ್ದೆ. ಈ ಉತ್ತರ ತೆಗೆದುಕೊಂಡು ಏನು ಮಾಡಬೇಕೆಂದು ತಿಳಿಯದೆ ಬ್ರಹ್ಮಪುರದ ತನಕ ನಡೆದು ಬಂದೆ. ಅಪ್ಪನಿಗೆ ಹೇಳಿದೆ. ಅವರು ಒತ್ತಕ್ಷರ ಬಂತೇನು ಎಂದಷ್ಟೇ ಕೇಳಿದರು.

ಜೋಳ ತೆನೆಗಟ್ಟುವ ಕಾಲಕ್ಕೆ ಒಬ್ಬ ಅಧಿಕಾರಿ ಕಮಲಾಪುರಕ್ಕೆ ವಿಚಾರಣೆಗೆ ಬಂದರು. ಧಾರವಾಡದ ಕಡೆಯವರು. ಗಫೂರ್ ಸಾಹೇಬರು ನೌಕರಿಗೆ ಮರಳಲು ಅರ್ಜಿ ಹಾಕಿದ್ದರು. ಅವರನ್ನು ತೆಗೆದುಕೊಳ್ಳಬೇಕೋ, ಜೇಲಿಗೆ ಕಳಿಸಬೇಕೋ ಎಂಬುದು ಊರವರ ಮಾತಿನ ಮೇಲೆ ನಿಂತಿತ್ತು. ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿದರು. ಶರಣಪ್ಪ ಗೌಡರು ಎದ್ದು ನಿಂತು, ಆತ ಅವರ ಸಾಲಿನಲ್ಲಿ ಬೆತ್ತ ಹೊತ್ತು ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ, ಅವರಿಗೆ ಚಹಾ ಕುಡಿಸಿದ್ದನ್ನು ಊರೇ ಕಂಡಿದೆ ಎಂದರು. ಅದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ. ಅವರ ತಂಗಿ ವಾಡೆಯ ಬಾಗಿಲಲ್ಲಿ ನಿಂತು ಇತ್ತಲೇ ನೋಡುತ್ತಿದ್ದಳು.

ಅಧಿಕಾರಿ ನನ್ನ ಕಡೆ ತಿರುಗಿ, “ನೀವು ಅವರ ಜೊತೆ ಕೆಲಸ ಮಾಡಿದವರು. ಅವರು ರಜಾಕಾರರ ಪೈಕಿಯೋ, ಅಲ್ಲವೋ? ಅಷ್ಟು ಹೇಳಿ ಸಾಕು” ಎಂದರು.

“ಸಾಲಿನಾಗ ನಿಂತಿದ್ರು ಸಾಹೇಬ್ರ, ನಾನೂ ನೋಡೀನಿ. ಆದ್ರ ಅವರು ಅಂಥವರಲ್ರಿ.”

“ಅಂದರೆ ಹೌದೋ, ಅಲ್ಲವೋ?”

“ಎರಡೂ ರೀ” ಎಂದೆ.

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ ರೀತಿಯನ್ನು ನಾನು ವರ್ಣಿಸಲಾರೆ. ಇಂಥವನ ಕೈಯಲ್ಲಿ ಮಕ್ಕಳನ್ನು ಕೊಟ್ಟವರಾರು ಎಂದು ಅವರು ಮನಸ್ಸಿನಲ್ಲೇ ಕೇಳಿಕೊಂಡದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಅಂಗಳದ ಅಂಚಿನಿಂದ ಭೀಮವ್ವ ಮಾತಾಡಿದಳು. ಆಕೆಯನ್ನು ಯಾರೂ ಕರೆದಿರಲಿಲ್ಲ. ಮಗಳನ್ನು ಕರೆದೊಯ್ಯಲು ಬಂದವಳು ಕುಡಗೋಲು ಕೈಯಲ್ಲಿ ಹಿಡಿದು ನಿಂತಿದ್ದಳು.

“ಲಾರಿ ಬಂದ ದಿನ ನಾ ಹಿಂದಿನ ತೋಟದಾಗ ಕಸ ತೆಗಿಯಾಕತ್ತಿದ್ದೆ ರೀ. ಸಾಬ್ರು ಗ್ವಾಡಿ ಮ್ಯಾಲಿಂದ ದೊಡ್ಡ ಹುಡುಗರನ್ನ ಒಬ್ಬೊಬ್ಬರನ್ನ ಎತ್ತಿ ನನ್ನ ಕೈಯಾಗ ಕೊಟ್ರು. ಇವರನ್ನ ಒಯ್ಯಾಕ ಬಂದಾರ, ಬಾಳಿ ಗಿಡದಾಗ ಮುಚ್ಚಿ ಇಡು ಅಂದ್ರು. ನನ್ನ ಮಗಳನ್ನೂ ಕೊಟ್ರು, ಗೌಡ್ರ ಮಗನ್ನೂ ಕೊಟ್ರು. ಅವನ್ನ ನಾನೇ ಬಗಲಾಗ ಹೊತ್ಕೊಂಡು ಹೋದೆ. ಮುಟ್ಟಿದೆ ಅಂತ ಬೈದ್ರ ಈಗ ಬೈರಿ.”

ನನ್ನ ಮಗ್ಗಿ ಯಾತಕ್ಕೆ ಬೇಕಿತ್ತು ಎಂಬುದು ಆಗ ನನಗೆ ಹೊಳೆಯಿತು. ಹಿಂದೆ ಮಕ್ಕಳು ಗೋಡೆ ದಾಟುವ ಸಪ್ಪಳ ಮುಂದೆ ಕೇಳಬಾರದಿತ್ತು. ಅಷ್ಟು ದಿನ ಅದೇ ಮನೆಯಲ್ಲಿದ್ದೂ ಗೌಡರ ಮಗ ನನಗೆ ಇದನ್ನು ಹೇಳಿರಲಿಲ್ಲ. ಹೇಳಬೇಡವೆಂದು ಮನೆಯವರು ಅವನಿಗೆ ಹೇಳಿದ್ದರು.

ಅಧಿಕಾರಿ ಗೌಡರನ್ನು ನೋಡಿದರು. ಗೌಡರು ಹೌದೆಂದು ತಲೆಯಾಡಿಸಿದರು. ತಾವು ಮೊದಲು ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಂಜೆ ನನ್ನ ಖೋಲಿಯ ಮುಂದೆ ಬಂದು ಕೂತು, ಎಲೆ ಅಡಿಕೆ ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು, “ನಾ ಸುಳ್ಳು ಹೇಳಿಲ್ಲ ಮಾಸ್ತರ್ರ. ಅಕಿನೂ ಹೇಳಿಲ್ಲ. ಹಂಗಾರ ಹ್ಯಾಂಗ?” ಎಂದರು.

ಸರ್ಕಾರ ಕೂಡ ನನ್ನಂತೆಯೇ ಎರಡೂ ಎಂದಿತು. ಗಫೂರ್ ಸಾಹೇಬರು ಜೇಲಿಗೆ ಹೋಗಲಿಲ್ಲ, ಹೆಡ್ಮಾಸ್ತರರಾಗಿಯೂ ಬರಲಿಲ್ಲ. ನನ್ನ ಕೈಕೆಳಗಿನ ಸಹಶಿಕ್ಷಕರಾಗಿ ಬಂದರು. ಅವರು ಬಂದ ದಿನ ನಾನು ಕುರ್ಚಿ ಬಿಟ್ಟೆದ್ದೆ. ಅವರು ಕೂಡಲಿಲ್ಲ. ಅವರ ಮುಂದೆ ಕೂಡಲು ನನಗಾಗಲಿಲ್ಲ. ಬೇಸಿಗೆಯವರೆಗೂ ಆ ಕುರ್ಚಿಯಲ್ಲಿ ಸೀಮೆಸುಣ್ಣದ ಡಬ್ಬಿ ಕೂತಿತ್ತು. ಗೌಡರ ಮನೆಯ ರೊಟ್ಟಿ ಕೆಲವು ದಿನ ನನಗೆ ಬರಲಿಲ್ಲ, ಆಮೇಲೆ ತಾನಾಗಿ ಬರತೊಡಗಿತು. ಗೌಡರೂ ಸಾಹೇಬರೂ ದಾರಿಯಲ್ಲಿ ಎದುರಾದರೆ ಇಬ್ಬರೂ ನಿಲ್ಲುತ್ತಿದ್ದರು, ಮಳೆಯ ಮಾತು, ಎತ್ತಿನ ಮಾತು ಆಡುತ್ತಿದ್ದರು. ಬೇರೆ ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ಬೇಸಿಗೆಯಲ್ಲಿ ಉರ್ದು ಓದಿದ ಮಾಸ್ತರರೆಲ್ಲ ಕನ್ನಡ ಪರೀಕ್ಷೆ ಪಾಸು ಮಾಡಬೇಕೆಂದು ಇಲಾಖೆ ಹೇಳಿತು. ನಾವಿಬ್ಬರೂ ಕಲಬುರಗಿಗೆ ಹೋಗಿ ಒಂದೇ ಹಾಲಿನಲ್ಲಿ ಬರೆದೆವು. ಪ್ರಬಂಧಕ್ಕೆ ಕೊಟ್ಟ ವಿಷಯ, ನಾನು ಕಂಡ ಮೆರವಣಿಗೆ. ನನಗೆ ಖುಷಿಯಾಯಿತು. ಫೌಜು ಬಂದ ಮೇಲೆ ಬ್ರಹ್ಮಪುರದಿಂದ ಹೊರಟು ಊರೆಲ್ಲ ಸುತ್ತಿದ ವಿಜಯದ ಮೆರವಣಿಗೆಯಲ್ಲಿ ನಾನು ಬಾಜಾದ ಹಿಂದೆಯೇ ಇದ್ದವನು. ಬಾಜಾ, ಬಾವುಟ, ಗುಲಾಲು, ಎಲ್ಲವನ್ನೂ ಹುರುಪಿನಿಂದ ತುಂಬಿಸಿದೆ. ಫಲಿತಾಂಶ ಬಂತು. ಗಫೂರ್ ಸಾಹೇಬರು ಪಾಸು, ನಾನು ನಪಾಸು. ನನ್ನ ಮೆರವಣಿಗೆಯನ್ನು ಒತ್ತಕ್ಷರಗಳೇ ತುಳಿದು ಹಾಕಿದ್ದವು. ಪಾಸಾದವರಿಗೆ ಹೆಡ್ಮಾಸ್ತರಿಕೆ ಎಂಬ ನಿಯಮದಿಂದ ಸಾಹೇಬರಿಗೆ ಶಾಲೆಯ ಕೀಲಿ ಮರಳಿ ಹೋಯಿತು. ಮತ್ತೆ ಪರೀಕ್ಷೆಗೆ ಕೂಡಬೇಕೆಂಬ ಷರತ್ತಿನ ಮೇಲೆ ನನಗೆ ಕಲಬುರಗಿಗೆ ವರ್ಗವಾಯಿತು. ನಪಾಸಾಗಿ ಅಷ್ಟು ಹಗುರಾದವನು ಆ ವರ್ಷ ನಮ್ಮ ಸೀಮೆಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಹೊರಡುವ ದಿನ ಸಾಹೇಬರು ಬಸ್ಸಿನವರೆಗೆ ಬಂದರು. ಬಸ್ಸು ಇದ್ದಿಲು ಹೊತ್ತಿಸಿಕೊಂಡು ಹೊರಡಲು ಇನ್ನೂ ಹೊತ್ತಿತ್ತು. ನೀವು ಯಾವ ಮೆರವಣಿಗೆ ಬರೆದಿರಿ ಎಂದು ಕೇಳಿದೆ.

“ಅದೇ, ಫೌಜು ಬಂದ ಮ್ಯಾಲಿಂದು. ಗಾಜಿಪುರದ ನಮ್ಮ ಓಣಿಯಾಗೇ ಹೋತಲ್ಲ. ಅಕ್ಕ ಬಾಗಿಲಾ ಹಾಕಿ ಒಳಗಿಂದ ಕೀಲಿ ಹಾಕಿದ್ಳು. ನಾ ನೆಲಕ್ಕ ಮಲಗಿದ್ದೆ. ಬಾಗಿಲದ ಕೆಳಗ ಇಷ್ಟೇ ಸಂದಿ. ಕಾಲು ಅಷ್ಟೇ ಕಾಣ್ತಿದ್ವು. ಅದನ್ನೇ ಬರದೆ. ಎಂಥೆಂಥ ಕಾಲು ಹೋದ್ವು, ಯಾವು ಕುಣೀತಿದ್ವು, ಯಾವು ಸುಮ್ಮ ನಡೀತಿದ್ವು.” ನನ್ನ ಕಡೆ ತಿರುಗಿ ಕೇಳಿದರು. “ನೀವೂ ಇದ್ರೇನು ಅದರಾಗ?”

“ಇದ್ದೆ ರೀ” ಎಂದೆ.

“ಚಪ್ಪಲಿ ಇದ್ವೋ, ಬರಿಗಾಲೋ?”

ನೆನಪು ಮಾಡಿಕೊಂಡೆ. ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಹಾಗೆಂದೇ ಹೇಳಿದೆ.

“ಹಂಗಾರ ನಿಮ್ಮನ್ನ ನೋಡೀನೋ ಇಲ್ಲೋ ಹ್ಯಾಂಗ ಹೇಳಲಿ” ಎಂದು ನಕ್ಕು, ನನ್ನ ಟ್ರಂಕನ್ನು ತಾವೇ ಎತ್ತಿ ಬಸ್ಸಿನ ಮೇಲೆ ಕೊಟ್ಟರು.